ಊರಿನವರಿಗೆ ಬೇಕಿದ್ದದ್ದು ನೀರು

ಹಳ್ಳಿಗೆ ಹೊಸದೊಂದು ಯಂತ್ರ ತರಬೇಕು ಅಂತ ಯಾರಾದರೂ ಬಂದರೆ ನಾನು ಮೊದಲು ಪುರದ ಕಥೆ ಹೇಳುತ್ತೇನೆ. ಒಲೆ, ಗೋಬರ್ ಗ್ಯಾಸ್ ಕೆಲಸದಲ್ಲಿ 20 ವರ್ಷ ಕಳೆದಿದ್ದೇನೆ. ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ಪುರ ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಸಣ್ಣ ಊರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ, ವಿಜ್ಞಾನ ತಂತ್ರಜ್ಞಾನವನ್ನು ಹಳ್ಳಿಗಳ ಕೆಲಸಕ್ಕೆ ಬಳಸುವ ‘ಅಸ್ತ್ರ’ ಅನ್ನುವ ಕೇಂದ್ರ ಶುರುವಾಯಿತು. ಕಟ್ಟಿದವರು ಅಮೂಲ್ಯ ರೆಡ್ಡಿ. ಎಲೆಕ್ಟ್ರೋಕೆಮಿಸ್ಟ್ರಿಯಲ್ಲಿ ಹೆಸರು ಮಾಡಿದ್ದ ಅವರು ಸೌದೆ, ಸಗಣಿಯ ಲೆಕ್ಕಕ್ಕೆ ಕೂತರು. ಅವರ ತಂಡ ಅದೇ ತಾಲ್ಲೂಕಿನ ಉಂಗ್ರದಲ್ಲಿ ನೆಲೆ ನಿಂತು, ಹಳ್ಳಿಯಲ್ಲಿ ಯಾವ ಕೆಲಸಕ್ಕೆ ಎಷ್ಟು ಶಕ್ತಿ ಖರ್ಚಾಗುತ್ತದೆ ಅಂತ ಅಳೆಯಿತು. ಬಹುಪಾಲು ಸೌದೆಯೇ, ಅದೂ ಹೆಚ್ಚಿನದು ಒಲೆಗೆ.

ಹಾಗಾದರೆ ಅಡುಗೆಗೆ ಗೋಬರ್ ಗ್ಯಾಸ್ ಕೊಡೋಣ ಅನ್ನಿಸುವುದು ಸಹಜ, ಅಲ್ವಾ? ಪುರದಲ್ಲಿ ಊರಿಗೆಲ್ಲ ಒಂದೇ ಸ್ಥಾವರ ಕಟ್ಟಿ ಅದನ್ನೇ ಮಾಡಿ ನೋಡಿದರು. ಎಲ್ಲರ ಒಲೆಗೂ ಸಾಕಾಗುವಷ್ಟು ಗ್ಯಾಸ್ ಬರಲಿಲ್ಲ. ಊರಿನವರಿಗೆ ಅದಕ್ಕಿಂತ ಜಾಸ್ತಿ ಬೇಕಿದ್ದದ್ದು ನೀರು. 1987ರಲ್ಲಿ ಅದೇ ಗ್ಯಾಸಿಗೆ ಸ್ವಲ್ಪ ಡೀಸೆಲ್ ಸೇರಿಸಿ ಎಂಜಿನ್ ಓಡಿಸಿದರು. ಅದರ ಕರೆಂಟಿನಿಂದ ಬೋರ್‌ವೆಲ್ ನೀರು ನಲ್ಲಿಗೆ ಬಂತು, ಮನೆಗಳಲ್ಲಿ ದೀಪ ಹತ್ತಿತು.

ನನಗೆ ಎಂಜಿನ್‌ಗಿಂತ ಇಷ್ಟವಾಗುವುದು ಅಲ್ಲಿನ ತೂಕದ ಲೆಕ್ಕ. ಮನೆಯವರು ಸಗಣಿ ತಂದು ತೂಗಿಸುತ್ತಿದ್ದರು. ಹೊತ್ತು ತಂದಿದ್ದಕ್ಕೆ ಕೆಜಿಗೆ 2 ಪೈಸೆ. ಗ್ಯಾಸ್ ತೆಗೆದ ಮೇಲೆ ಉಳಿದ ಬಗ್ಗಡ ಗೊಬ್ಬರವಾಗಿ ಅವರವರ ಪಾಲಿಗೇ ವಾಪಸ್. ಸಗಣಿ ಹೊರುವವರ ಕೈಗೆ ನಾಲ್ಕು ಕಾಸು, ಹೊಲಕ್ಕೆ ಗೊಬ್ಬರ, ಮನೆ ಹತ್ತಿರ ನೀರು. ಸ್ಥಾವರ ನಿಲ್ಲದಂತೆ ನೋಡಿಕೊಳ್ಳಲು ಊರಿಗೆ ಇನ್ಯಾವ ಕಾರಣ ಬೇಕು?

ಇದೇ ಅಸ್ತ್ರದಿಂದ ಬಂದದ್ದು ಮೂರು ಪಾತ್ರೆಯ, ಚಿಮಣಿ ಇರುವ ಅಸ್ತ್ರ ಒಲೆ. ಪರೀಕ್ಷೆಯಲ್ಲಿ ತುಂಬಾ ಕಡಿಮೆ ಸೌದೆ ಸುಡುವ ಒಲೆ. ನಾನು ಕೆಲಸ ಕಲಿತದ್ದು ಅಂಥ ಒಲೆಗಳ ಮೇಲೆಯೇ. ಒಮ್ಮೆ, ನಾವು ಕಟ್ಟಿಕೊಟ್ಟ ಎರಡು ವರ್ಷದ ಮೇಲೆ, ಒಂದು ಮನೆಗೆ ಹೋದೆ. ಒಲೆಯ ಮೇಲೆ ಈರುಳ್ಳಿ ಹರಡಿತ್ತು. ಅಡುಗೆ ಹಿತ್ತಲಲ್ಲಿ, ಮೂರು ಕಲ್ಲಿನ ಮೇಲೆ.

“ನಿನ್ ಒಲೆ ಬಾಯಿ ಚಿಕ್ಕದು ಕಣಪ್ಪ, ಸೌದೆ ಸೀಳೋರ್ ಯಾರು? ಮುದ್ದೆ ಪಾತ್ರೆ ಕೂರಲ್ಲ. ತಿರುವೋಕೆ ಹೋದ್ರೆ ಅಲ್ಲಾಡ್ತದೆ” ಅಂದರು ಆ ಅಜ್ಜಿ.

ಮುದ್ದೆ ತಿರುವುವಾಗ ಪಾತ್ರೆ ಮೇಲೆ ಎಷ್ಟು ಬಲ ಬೀಳುತ್ತದೆ ಅನ್ನುವುದು ನನ್ನ ಲೆಕ್ಕದಲ್ಲಿ ಇರಲೇ ಇಲ್ಲ. ನಮ್ಮ ಅಚ್ಚಿನ ಅಳತೆ ಬದಿಗಿಟ್ಟೆವು. ಅವರ ಪಾತ್ರೆಯನ್ನೇ ಹಸಿ ಮಣ್ಣಿನಲ್ಲಿ ಒತ್ತಿ ತಿರುಗಿಸಿ ಒಲೆಕಣ್ಣು ಮಾಡಿದೆವು. ಬಾಯಿಯನ್ನೂ ಸ್ವಲ್ಪ ಅಗಲಿಸಿದೆವು. ಸೌದೆ ಉಳಿತಾಯ ಒಂದಿಷ್ಟು ಇಳಿದಿರಬಹುದು. ಆದರೆ ಮುಂದಿನ ಸಲ ಹೋದಾಗ ಆ ಒಲೆಗೆ ಮಸಿ ಹಿಡಿದಿತ್ತು. ನನಗೆ ನಿಜಕ್ಕೂ ಸಂತೋಷವಾಯಿತು.

ಸರ್ಕಾರದ ಯೋಜನೆಗಳು ಎಡವುವುದು ಇಲ್ಲೇ. 1980ರ ದಶಕದಲ್ಲಿ ಶುರುವಾಗಿ 2002ಕ್ಕೆ ನಿಂತ ರಾಷ್ಟ್ರೀಯ ಒಲೆ ಕಾರ್ಯಕ್ರಮದಲ್ಲಿ 3 ಕೋಟಿಗೂ ಜಾಸ್ತಿ ಒಲೆ ಲೆಕ್ಕಕ್ಕೆ ಬಂದವು. ಎಷ್ಟು ಕಟ್ಟಿದೆವು ಅನ್ನುವುದಕ್ಕೆ ಸಿಕ್ಕ ಗಮನ, ಎಷ್ಟು ಉರಿಯುತ್ತಿವೆ ಅನ್ನುವುದಕ್ಕೆ ಸಿಗಲಿಲ್ಲ. ಮಣ್ಣಿನ ಒಲೆ ಬಿರುಕು ಬಿಡುತ್ತದೆ, ಚಿಮಣಿ ಕಟ್ಟಿಕೊಳ್ಳುತ್ತದೆ. ಅದಕ್ಕೆ ದುಡ್ಡು ಎಲ್ಲಿಂದ?

ಅದಕ್ಕೇ ಈಗ ಯಾವುದೇ ಯೋಜನೆಯ ಅಂದಾಜು ಬರೆಯುವಾಗ ನಾನು ಹಟ ಹಿಡಿದು ಒಂದು ಸಾಲು ಸೇರಿಸುತ್ತೇನೆ: ಎರಡನೇ ಮಳೆಗಾಲ ಕಳೆದ ಮೇಲೆ ಮೇಸ್ತ್ರಿ ಮತ್ತೆ ಬರಲು ಬಸ್ ಚಾರ್ಜು, ಒಂದು ದಿನದ ಕೂಲಿ, ಎರಡು ಬಾಂಡಲಿ ಮಣ್ಣು.