ಕಲಾವಿದರ ಕೋಣೆ ಗುಡಿಸುವ ಮೊದಲು

2017ರಲ್ಲಿ ಫ್ರಾನ್ಸಿನ ಚಿತ್ರಕಾರ ಹೆನ್ರಿ ಮತೀಸ್ ಅವರ ಸ್ಟುಡಿಯೋ ಸಾಮಾನುಗಳ ಪ್ರದರ್ಶನ ಬೋಸ್ಟನ್‌ನಲ್ಲಿ ಶುರುವಾಗಿ ಲಂಡನ್ನಿಗೂ ಹೋಯಿತು. ಮದುವೆಗೆ ಉಡುಗೊರೆಯಾಗಿ ಬಂದ ಚಾಕಲೇಟ್ ಕಾಯಿಸುವ ಬೆಳ್ಳಿ ಪಾತ್ರೆ, 1942ರಲ್ಲಿ ಕೊಂಡ ವೆನಿಸ್‌ನ ಕುರ್ಚಿ, ಇಂಥವೇ. ಅದೇ ಪಾತ್ರೆ 1902ರ ಒಂದು ಚಿತ್ರದಲ್ಲಿ ಹೂದಾನಿಯಾಗಿದೆ.

ಹಳೇ ಪಾತ್ರೆ ನೋಡೋದಕ್ಕೆ ಅಷ್ಟು ದೂರ ಯಾಕೆ ಹೋಗಬೇಕು ಅಂತ ಮಂಗಳೂರಲ್ಲಿ ನನ್ನನ್ನು ಕೇಳುವವರಿದ್ದಾರೆ. ಹಳೇ ಚಿತ್ರ, ಕಾಗದ ಉಳಿಸುವುದೇ ನನ್ನ ಕೆಲಸ. ನಾನು ಅವರಿಗೆ ಹೇಳುವುದು ಚಿತ್ರಕಾರ ಫ್ರಾನ್ಸಿಸ್ ಬೇಕನ್ ಕತೆ.

ಬೇಕನ್ 1992ರಲ್ಲಿ ತೀರಿಕೊಂಡರು. ಲಂಡನ್ನಿನ ಅವರ ಸ್ಟುಡಿಯೋ ಪುಟ್ಟದು, ಕಾಲಿಡಲು ಜಾಗ ಇರಲಿಲ್ಲ. 1998ರಲ್ಲಿ ಅದು ಡಬ್ಲಿನ್ನಿನ ಹ್ಯೂ ಲೇನ್ ಗ್ಯಾಲರಿಗೆ ದಾನವಾಗಿ ಬಂತು. ಗ್ಯಾಲರಿಯವರು ಪುರಾತತ್ವದವರನ್ನು ಕರೆಸಿ, ಯಾವ ವಸ್ತು ಎಲ್ಲಿ ಬಿದ್ದಿತ್ತು ಅಂತ ನಕ್ಷೆ ಮಾಡಿಸಿ, ಗೋಡೆ, ಬಾಗಿಲು, ನೆಲ, ಕೊನೆಗೆ ಧೂಳನ್ನೂ ಬಿಡದೆ ಸಾಗಿಸಿದರು. ಏಳು ಸಾವಿರಕ್ಕೂ ಜಾಸ್ತಿ ವಸ್ತುಗಳು! ಬ್ಲೇಡಿನಿಂದ ಹರಿದ ಕ್ಯಾನ್ವಾಸುಗಳೇ ನೂರರಷ್ಟು. ಬಣ್ಣ ಬೆರೆಸಿ ನೋಡಿದ್ದು ಗೋಡೆ ಮೇಲೆ, ಬಾಗಿಲ ಮೇಲೆ. ತಾನು ಮೊದಲೇ ರೇಖಾಚಿತ್ರ ಮಾಡಿಕೊಳ್ಳುವವನಲ್ಲ ಅಂತ ಬೇಕನ್ ಹೇಳುತ್ತಲೇ ಇದ್ದರು, ಆದರೆ ಆ ರಾಶಿಯೊಳಗೆ ರೇಖಾಚಿತ್ರಗಳು ಸಿಕ್ಕವು. ಕೋಣೆ ಗುಡಿಸಿ ಬಿಟ್ಟಿದ್ದರೆ ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ, ಅಲ್ವಾ?

ನಮ್ಮಲ್ಲಿ ಗುಡಿಸಿಯೇ ಬಿಡುತ್ತಾರೆ. ಉಡುಪಿ ಕಡೆಯ ಒಬ್ಬ ಡ್ರಾಯಿಂಗ್ ಮೇಷ್ಟ್ರು ಮದುವೆ ಕಾಗದಗಳ ಹಿಂಬದಿಯಲ್ಲೇ ಸ್ಕೆಚ್ ಮಾಡುತ್ತಿದ್ದರು. ಅವರು ತೀರಿಕೊಂಡು ಬೊಜ್ಜ (ಉತ್ತರಕ್ರಿಯೆ) ಮುಗಿದ ಮೇಲೆ ಮನೆಯವರು ಕಟ್ಟುಗಟ್ಟಲೆ ಗುಜರಿಗೆ ಹಾಕಿದರು. ಉಳಿದ ಒಂದು ಕಾಗದ ನಾನು ನೋಡಿದ್ದೇನೆ: ಯಕ್ಷಗಾನ ವೇಷಧಾರಿಯ ಮೊಣಕೈಯನ್ನು ಮತ್ತೆ ಮತ್ತೆ ಬರೆದು, ಕೊನೆಯದಕ್ಕೆ ಮಾತ್ರ ಪೆನ್ಸಿಲ್ ಒತ್ತಿದ್ದರು. ಹೊಟ್ಟೆ ಉರಿಯುತ್ತದೆ.

ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಚಿತ್ರಕಾರ ಕೆ.ಕೆ. ಹೆಬ್ಬಾರರು ಲಯ ಅರ್ಥವಾಗಲಿ ಅಂತಲೇ ಕಥಕ್ ಕಲಿತವರು. ಇಂಥ ಹುಡುಕಾಟ ಫ್ರೇಮು ಹಾಕಿದ ಚಿತ್ರದಲ್ಲಿ ಪೂರ್ತಿ ಕಾಣಿಸುವುದಿಲ್ಲ, ಅದಕ್ಕೆ ಸ್ಕೆಚ್ ಪುಸ್ತಕವೇ ಬೇಕು.

ಹಾಗಾಗಿ ನಿಮ್ಮ ಮನೆಯಲ್ಲಿ ಕಲಾವಿದರಿದ್ದು ತೀರಿಕೊಂಡಿದ್ದರೆ ಕೋಣೆಗೆ ಕೈ ಹಚ್ಚಬೇಡಿ. ಮೊದಲು ಬಾಗಿಲಲ್ಲಿ ನಿಂತು ಫೋಟೋ ತೆಗೆಯಿರಿ, ಆಮೇಲೆ ನಾಲ್ಕೂ ಗೋಡೆ, ಮೇಜು, ಡ್ರಾಯರಿನ ಒಳಗಿನದು. ಕಾಗದದ ಹಿಂದೆ ನಂಬರು ಹಾಕುವುದಾದರೆ ಪೆನ್ಸಿಲ್ಲೇ ಇರಲಿ.

ನಮ್ಮ ಕರಾವಳಿಯ ದೊಡ್ಡ ಶತ್ರು ತೇವ. ಗಾಳಿಯಲ್ಲಿ ತೇವ ಶೇ. 65 ದಾಟಿದರೆ ಬೂಷ್ಟು ಬೆಳೆಯಲು ಶುರು, ಮಳೆಗಾಲದಲ್ಲಿ ನಮ್ಮದು ಅದಕ್ಕಿಂತ ಎಷ್ಟೋ ಮೇಲೆ. ಒದ್ದೆ ಕಾಗದವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಪಾಟಿಗೆ ತುರುಕಬೇಡಿ, ಒಳಗೇ ಕೊಳೆಯುತ್ತದೆ. ಫ್ಯಾನಿನ ಗಾಳಿಗೆ ಹರಡಿ, ಬಿಸಿಲಿಗೆ ಬೇಡ. ಬೂಷ್ಟು ಹಿಡಿದಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಲೇಬೇಡಿ, ಪೂರ್ತಿ ಒಣಗಿದ ಮೇಲೆ ಮಾಸ್ಕ್ ಹಾಕಿಕೊಂಡು ಹೊರಗೆ ಮೆತ್ತನೆಯ ಬ್ರಷ್ಷಿನಿಂದ ಸವರಿ. ಲ್ಯಾಮಿನೇಷನ್ ಮಾಡಿಸಲೇಬಾರದು, ಮತ್ತೆ ಬಿಡಿಸಲಾಗುವುದಿಲ್ಲ. ಕಪಾಟನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆದಿಡಿ, ಮಳೆ ಹೊಡೆಯುವ ಗೋಡೆಯಾದರಂತೂ ಬೇರೆ ಕಡೆಗೇ ಸಾಗಿಸಿ.