ಕರಾವಳಿಯ ಕೋಳಿಗೂಡು: ಮಳೆಗಾಲಕ್ಕೆ ಮೊದ್ಲು ಏನು ಸರಿ ಮಾಡ್ಬೇಕು, ಯಾಕೆ ಮಾಡ್ಬೇಕು

ಕೋಳಿಗೂಡಿನ ಬಗ್ಗೆ ನಮಗೆ ಓದ್ಲಿಕ್ಕೆ ಸಿಗುವುದು ಹೆಚ್ಚಾಗಿ ಒಣ ಊರಿನವರಿಗೆ ಬರೆದದ್ದು. ಉಡುಪಿ, ಮಂಗಳೂರು ಕಡೆ ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ ಬರ್ತದೆ, ಅದರಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಹಾಗಾಗಿ ನಮ್ಮ ಗೂಡಿಗೆ ದೊಡ್ಡ ಶತ್ರು ತೇವ. ಹಿತ್ತಿಲಲ್ಲಿ ಹತ್ತು ಹದಿನೈದು ಕೋಳಿ ಸಾಕುವವರು ಮೊದ್ಲು ಇದೊಂದನ್ನು ಸರಿಯಾಗಿ ಅರ್ಥ ಮಾಡ್ಕೊಂಡ್ರೆ ಉಳಿದ ರಿಪೇರಿ ಎಲ್ಲ ಸುಲಭ ಆಗ್ತದೆ.

ತೇವ ಅಂದ್ರೆ ಬರೀ ಮಳೆ ನೀರು ಅಲ್ಲ. ಮೊಟ್ಟೆ ಇಡುವ ಒಂದು ಕೋಳಿ ದಿನಕ್ಕೆ ಸುಮಾರು 110-120 ಗ್ರಾಂ ಆಹಾರ ತಿಂತದೆ, ಅದರ ಹೆಚ್ಚುಕಮ್ಮಿ ಎರಡು ಪಾಲು ನೀರು ಕುಡೀತದೆ, ಹಿಕ್ಕೆಯಲ್ಲಿ ಮುಕ್ಕಾಲು ಭಾಗ ನೀರೇ, ಉಸಿರಿನಲ್ಲೂ ನೀರು ಹೋಗ್ತದೆ. ಹತ್ತು ಕೋಳಿ ಅಂದ್ರೆ ಮಳೆ ಒಂದು ಹನಿ ಒಳಗೆ ಬರದಿದ್ರೂ ದಿನಕ್ಕೆ ಎರಡು ಲೀಟರ್‌ನಷ್ಟು ನೀರು ಕೋಳಿ ಮೂಲಕವೇ ಹೊರಗೆ ಬರ್ತದೆ, ರಾತ್ರಿ ಪಾಲು ಪೂರ್ತಿ ಗೂಡಿನೊಳಗೆ. ಹಿಕ್ಕೆಯಲ್ಲಿ ಬಿಳಿ ಕಾಣುವುದು ಯೂರಿಕ್ ಆಸಿಡ್. ಅದು ಒಣಗಿದ್ರೆ ತೊಂದರೆ ಇಲ್ಲ, ಒದ್ದೆ ಮತ್ತು ಸೆಕೆ ಸೇರಿದ ಕೂಡ್ಲೆ ಬ್ಯಾಕ್ಟೀರಿಯಾ ಅದನ್ನು ಒಡೆದು ಅಮೋನಿಯಾ ಮಾಡ್ತದೆ. ಅಮೋನಿಯಾ 25 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 25 ಪಾಲು) ದಾಟಬಾರದು ಅಂತ ಲೆಕ್ಕ, ಅದಕ್ಕಿಂತ ಮೇಲೆ ಹೋದ್ರೆ ಕಣ್ಣು, ಶ್ವಾಸನಾಳಕ್ಕೆ ಪೆಟ್ಟು, ಮತ್ತೆ ಕೆಮ್ಮು, ಸೀನು ಎಲ್ಲ ಶುರು. ಅಳೆಯುವ ಮಿಷನ್ ಬೇಡ. ಬೆಳಿಗ್ಗೆ ಬಾಗಿಲು ತೆಗೆದ ತಕ್ಷಣ ಬಗ್ಗಿ, ಕೋಳಿ ತಲೆ ಇರುವ ಎತ್ತರದಲ್ಲಿ ಉಸಿರು ತಗೊಳ್ಳಿ. ನಿಮ್ಮ ಕಣ್ಣು ಉರಿದ್ರೆ ಕೋಳಿ ರಾತ್ರಿ ಇಡೀ ಅದೇ ಗಾಳಿ ಕುಡಿದಿದೆ ಅಂತ ಅರ್ಥ. ನಿಂತ ಎತ್ತರದಲ್ಲಿ ಮೂಸಿದ್ರೆ ಗೊತ್ತಾಗುವುದಿಲ್ಲ.

ಈಗ ಜೂನ್‌ನಲ್ಲಿ ಹೆಚ್ಚಿನ ಮನೆಯಲ್ಲಿ ಮಾಡುವುದು ಎಂತ? ನಾಲ್ಕು ಸುತ್ತ ಟರ್ಪಾಲು ಕಟ್ಟಿ ಬಿಗಿ ಮಾಡುವುದು. ಮಳೆ ನಿಲ್ತದೆ ಹೌದು, ಆದ್ರೆ ಒಳಗಿನ ಎರಡು ಲೀಟರ್ ಎಲ್ಲಿಗೆ ಹೋಗ್ಬೇಕು? ಬಿಸಿ, ತೇವ ಗಾಳಿ ಯಾವಾಗ್ಲೂ ಮೇಲೆ ಏರ್ತದೆ, ಹಾಗಾಗಿ ಮಾಡಿನ (ಛಾವಣಿಯ) ಕೆಳಗೆ, ಗೋಡೆ ಮೇಲ್ತುದಿಯಲ್ಲಿ 6ರಿಂದ 9 ಇಂಚು ಸುತ್ತ ಜಾಲರಿ ಮಾತ್ರ ಬಿಟ್ಟು ಅದನ್ನು ಯಾವ ಕಾರಣಕ್ಕೂ ಮುಚ್ಚಬೇಡಿ, ಕೋಳಿ ಮಲಗುವ ಎತ್ತರಕ್ಕಿಂತ ಮೇಲೆ ಇರುವುದರಿಂದ ಗಾಳಿ ಸೀದ ಮೈಗೆ ಹೊಡೆಯುವುದಿಲ್ಲ. ಟರ್ಪಾಲು ಕಟ್ಲೇಬೇಕು ಅಂತಿದ್ರೆ ಕೆಳತುದಿಯನ್ನು ಒಂದೆರಡು ಅಡಿ ಹೊರಗೆ ಎಳೆದು ಓರೆಯಾಗಿ ಕಟ್ಟಿ, ಇರಚಲು ನಿಲ್ತದೆ, ಗಾಳಿಯೂ ಆಡ್ತದೆ.

ಗೂಡು ಯಾವ ದಿಕ್ಕಿಗೆ ಇರ್ಬೇಕು ಅನ್ನುವುದರಲ್ಲಿ ಸ್ವಲ್ಪ ತಲೆ ಓಡಿಸ್ಬೇಕು. ಪುಸ್ತಕದಲ್ಲಿ ಉದ್ದ ಪೂರ್ವ-ಪಶ್ಚಿಮ ಇರ್ಲಿ ಅಂತಾರೆ, ಬೆಳಗಿನ ಮತ್ತು ಸಂಜೆಯ ಓರೆ ಬಿಸಿಲು ಗಿಡ್ಡ ಗೋಡೆಗೆ ಮಾತ್ರ ಬೀಳಲಿ ಅಂತ. ಅದು ನಮಗೂ ಸರಿ, ಆದ್ರೆ ನಮ್ಮ ಮಳೆ ಬರುವುದು ಪಶ್ಚಿಮ, ನೈಋತ್ಯದಿಂದ, ಅಂದ್ರೆ ತೆರೆದ ದಕ್ಷಿಣದ ಬದಿಗೆ ಓರೆಯಾಗಿ ಹೊಡೀತದೆ. ಅದಕ್ಕೆ ಪಶ್ಚಿಮದ ಗಿಡ್ಡ ಗೋಡೆಯನ್ನು ಕೆಂಪು ಕಲ್ಲಲ್ಲಿ ಮೇಲಿನ ಗ್ಯಾಪ್‌ವರೆಗೆ ಕಟ್ಟಿಬಿಡಿ (ಮೇ ತಿಂಗಳ ಮಧ್ಯಾಹ್ನದ ಬಿಸಿಲಿಗೂ ಅದೇ ಅಡ್ಡ), ದಕ್ಷಿಣದಲ್ಲಿ ಮಾಡು 3 ಅಡಿ ಹೊರಗೆ ಚಾಚಿರ್ಲಿ, ಉತ್ತರದ ಬದಿ ಪೂರ್ತಿ ಜಾಲರಿ ಇರ್ಲಿ. ಆಗ್ಲೇ ಕಟ್ಟಿದ ಗೂಡನ್ನು ತಿರುಗಿಸ್ಲಿಕ್ಕೆ ಆಗುವುದಿಲ್ಲ, ಆದ್ರೆ ಮಾಡು ಉದ್ದ ಮಾಡ್ಲಿಕ್ಕೆ ನಾಲ್ಕು ಅಡಿಕೆ ದಬ್ಬೆ, ಎರಡು ಶೀಟು ಸಾಕು.

ಮಾಡಿಗೆ ನನ್ನ ಆಯ್ಕೆ ಹೆಂಚು. ತಗಡಿನ ಶೀಟು ಏಪ್ರಿಲ್‌ನಲ್ಲಿ ಕಾಯ್ತದೆ, ಮಳೆಗಾಲದ ಬೆಳಗ್ಗೆ ಅದರ ಒಳಬದಿ ಬೆವರಿ ಹನಿ ಹನಿ ಕೆಳಗೆ ಬೀಳ್ತದೆ, ಅದು ಸೋರಿದ್ದು ಅಂತ ನಾವು ತೂತು ಹುಡುಕ್ತೇವೆ. ಹೆಂಚಿನ ಸಂದಿಯಲ್ಲಿ ಗಾಳಿ ಆಡ್ತದೆ. 1865ರಲ್ಲಿ ಬಾಸೆಲ್ ಮಿಶನ್‌ನವರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ ಊರಲ್ಲಿ ಇದ್ದೇವೆ, ಹಳೆ ಮನೆ ಕೆಡವುವಲ್ಲಿ ಕೇಳಿ ನೋಡಿ, ಒಳ್ಳೆ ಹೆಂಚು ಕಮ್ಮಿಗೆ ಸಿಗ್ತದೆ.

ನೆಲ ಸುತ್ತಲಿನ ಮಣ್ಣಿಗಿಂತ ಒಂದೂವರೆ ಅಡಿ ಎತ್ತರ ಇರ್ಲಿ. ಅದರ ಮೇಲೆ 3-4 ಇಂಚು ಉಮಿ ಅಥವಾ ಮರದ ಮಿಲ್ಲಿನ ಒಣ ಹುಡಿ. ತೆಂಗಿನ ನಾರಿನ ಹುಡಿ ನಮ್ಮಲ್ಲಿ ಸಸ್ತಾ, ಆದ್ರೆ ಅದು ನೀರು ಹಿಡಿದ್ರೆ ಬಿಡುವುದಿಲ್ಲ, ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್‌ನ ಜೋರು ಮಳೆಯ ಹೊತ್ತು) ಅದೊಂದನ್ನೇ ಹಾಕ್ಬೇಡಿ, ಉಮಿ ಜೊತೆ ಸ್ವಲ್ಪ ಬೆರೆಸಿ. ಒಂದು ಮುಷ್ಟಿ ಹಿಡಿದು ಒತ್ತಿ ಕೈ ಬಿಡಿ: ಉಂಡೆ ಆಗಿಯೇ ಉಳಿದ್ರೆ ತೇವ ಜಾಸ್ತಿ, ಸ್ವಲ್ಪ ಅಂಟಿ ಮತ್ತೆ ಉದುರಿದ್ರೆ ಸರಿ, ಅಂಟ್ಲೇ ಇಲ್ಲ, ಧೂಳು ಎದ್ದಿತು ಅಂದ್ರೆ ತೀರ ಒಣಗಿದೆ. ದಿನಾ ಒಮ್ಮೆ ಕೆದಕಿ, ಗಟ್ಟಿ ಕಟ್ಟಿದ್ದನ್ನು ತೆಗೆದು ತೆಂಗಿನ ಬುಡಕ್ಕೆ ಹಾಕಿ.

ರಕ್ತಭೇದಿ ವಿಷಯವೂ ಇಲ್ಲೇ ಬರ್ತದೆ. ಕಾಕ್ಸಿಡಿಯಾ ಅನ್ನುವ ಪರೋಪಜೀವಿಯ ಮೊಟ್ಟೆ ಹಿಕ್ಕೆಯಲ್ಲಿ ಹೊರಗೆ ಬಂದಾಗ ರೋಗ ತರುವ ಸ್ಥಿತಿಯಲ್ಲಿ ಇರುವುದಿಲ್ಲ, ಬೆಚ್ಚಗೆ ಒದ್ದೆಯಾಗಿ ಬಿದ್ದಿದ್ರೆ ಒಂದೆರಡು ದಿನದಲ್ಲಿ ತಯಾರಾಗ್ತದೆ. ದಿನಾ ತೆಗೆಯುವುದಕ್ಕೆ ಕಾರಣ ಅದೇ. ಮೂರರಿಂದ ಆರು ವಾರದ ಮರಿಗಳಿಗೆ ಅಪಾಯ ಜಾಸ್ತಿ, ಹಿಕ್ಕೆಯಲ್ಲಿ ರಕ್ತ ಕಂಡ ದಿನವೇ ಪಶು ಆಸ್ಪತ್ರೆಗೆ ಹೋಗಿ.

ಗೂಡಿನಲ್ಲಿ ಅತಿ ಒದ್ದೆ ಜಾಗ ನೀರಿನ ಪಾತ್ರೆಯ ಸುತ್ತ. ಪಾತ್ರೆಯ ಅಂಚು ಕೋಳಿ ಬೆನ್ನಿನ ಎತ್ತರಕ್ಕೆ ಬರುವ ಹಾಗೆ ಇಟ್ಟಿಗೆ ಮೇಲೆ ಇಡಿ, ಚೆಲ್ಲುವುದು ಕಮ್ಮಿ ಆಗ್ತದೆ, ಕೆದಕಿದ ಕಸವೂ ಬೀಳುವುದಿಲ್ಲ. ಸಾಧ್ಯ ಆದ್ರೆ ನಿಪ್ಪಲ್ (ಕೋಳಿ ಕೊಕ್ಕಿನಿಂದ ತಟ್ಟಿದಾಗ ಮಾತ್ರ ನೀರು ಬಿಡುವ ಸಣ್ಣ ನಳ್ಳಿ) ಹಾಕಿ, ಇನ್ನೂ ಒಳ್ಳೇದು.

ಜಾಲರಿ ಬಗ್ಗೆ: ಆರು ಮೂಲೆಯ ತೆಳು ಕೋಳಿ ಬಲೆ ಕೋಳಿಯನ್ನು ಒಳಗೆ ಇಡ್ತದೆ, ನಾಯಿಯನ್ನು ಹೊರಗೆ ಇಡುವುದಿಲ್ಲ, ಎಳೆದ್ರೆ ಹರೀತದೆ. ಕೆಳಗಿನ ಮೂರು ಅಡಿಗಾದ್ರೂ ಅರ್ಧ ಇಂಚಿನ ವೆಲ್ಡ್ ಮೆಶ್ ಹಾಕಿ, ಮತ್ತೆ ಅದನ್ನೇ ಗೋಡೆ ಬುಡದಿಂದ ಹೊರಗೆ ಒಂದು ಅಡಿ ನೆಲದ ಮೇಲೆ ಮಲಗಿಸಿ ಕಲ್ಲು ಇಡಿ. ಮುಂಗುಸಿ, ಹೆಗ್ಗಣ ಬುಡದಲ್ಲೇ ತೋಡ್ಲಿಕ್ಕೆ ಶುರು ಮಾಡುವುದು, ಅಲ್ಲಿ ಜಾಲರಿ ತಾಗಿದ್ರೆ ಹೆಚ್ಚಾಗಿ ಬಿಟ್ಟು ಹೋಗ್ತದೆ. ಸಂಜೆ ಉಳಿದ ಆಹಾರ ತೆಗೆದಿಡಿ, ಆಹಾರಕ್ಕೆ ಇಲಿ, ಇಲಿಗೆ ಹಾವು. ಸಮುದ್ರ ಹತ್ತಿರ ಇದ್ರೆ ಉಪ್ಪು ಗಾಳಿಗೆ ತಂತಿ ಬೇಗ ತುಕ್ಕು ಹಿಡೀತದೆ, ವರ್ಷಕ್ಕೊಮ್ಮೆ ಬೆರಳಲ್ಲಿ ಒತ್ತಿ ನೋಡಿ.

ಕೂರುವ ಕೋಲಿನಲ್ಲಿ ಒಂದು ಕೋಳಿಗೆ 8-10 ಇಂಚು ಜಾಗ ಬೇಕು, ಕೋಲು ಮೊಟ್ಟೆ ಪೆಟ್ಟಿಗೆಗಿಂತ ಎತ್ತರದಲ್ಲಿ ಇರ್ಲಿ, ಇಲ್ಲದಿದ್ರೆ ಪೆಟ್ಟಿಗೆಯಲ್ಲೇ ಮಲಗಿ ಗಲೀಜು ಮಾಡ್ತವೆ. ಗಿರಿರಾಜದಂತ ಭಾರದ ಕೋಳಿಗೆ ತುಂಬ ಎತ್ತರ ಬೇಡ, ಇಳಿಯುವಾಗ ಕಾಲಿಗೆ ಪೆಟ್ಟಾಗ್ತದೆ. ಪೆಟ್ಟಿಗೆ ಒಂದಡಿ ಚೌಕ, ನಾಲ್ಕೈದು ಕೋಳಿಗೆ ಒಂದು. ಮರುವಾಯಿ (ಅಡುಗೆಗೆ ತರುವ ಚಿಪ್ಪುಮೀನು) ಚಿಪ್ಪು ಎಸೆಯುವ ಬದಲು ತೊಳೆದು, ಒಣಗಿಸಿ, ಕುಟ್ಟಿ ಬೇರೆ ಬಟ್ಟಲಲ್ಲಿ ಇಡಿ, ಮೊಟ್ಟೆ ಚಿಪ್ಪಿಗೆ ಬೇಕಾದ ಕ್ಯಾಲ್ಸಿಯಂ ಅದರಲ್ಲಿ ಉಂಟು, ಎಷ್ಟು ಬೇಕೋ ಅಷ್ಟು ಅವೇ ತಿಂತವೆ.

ದುಡ್ಡು ಕಮ್ಮಿ ಇದ್ರೆ ಪತ್ತನಾಜೆ (ಮೇ ಕೊನೆಯ ವಾರದ ಹೊತ್ತಿಗೆ ಬರುವ ತುಳುನಾಡಿನ ದಿನ) ಒಳಗೆ ಮಾಡು ಮತ್ತು ಮೇಲಿನ ಗಾಳಿ ಗ್ಯಾಪ್, ಇವೆರಡನ್ನು ಮುಗಿಸಿ. ಮೆಶ್ ಅದರ ನಂತರದ ತಿಂಗಳ ಖರ್ಚಿಗೆ, ಅಷ್ಟರವರೆಗೆ ರಾತ್ರಿ ಬುಡಕ್ಕೆ ಸುತ್ತ ಕೆಂಪು ಕಲ್ಲು ಜೋಡಿಸಿದ್ರೆ ನಡೀತದೆ.