ನರ್ತೆ ತಿನ್ನಿ, ಆದರೆ ಪೂರ್ತಿ ಬೇಯಿಸಿ

ಮಳೆ ಜೋರಾದರೆ ಸಾಕು, ಕರಾವಳಿಯ ಕ್ಲಿನಿಕ್‌ನಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ. "ಡಾಕ್ಟ್ರೇ, ತೋಟದ ತುಂಬ ದೊಡ್ಡ ಬಸವನಹುಳು. ನಾವು ನರ್ತೆ ತಿನ್ನೋರಲ್ವಾ, ಇದನ್ನೂ ತಿನ್ನಬಹುದಾ?"

ನರ್ತೆ, ಅಂದರೆ ತುಳುನಾಡಿನ ತೋಡು, ಹೊಳೆ, ಗದ್ದೆಗಳಲ್ಲಿ ಸಿಗುವ ನೀರಿನ ಬಸವನಹುಳು, ಒಳ್ಳೆಯ ಆಹಾರ. ಮಣಿಪುರದಲ್ಲೂ ಬಂಗಾಳದಲ್ಲೂ ಇಂಥವನ್ನು ಇಷ್ಟಪಟ್ಟು ತಿನ್ನುತ್ತಾರೆ. ಬಸವನಹುಳುವಿನ ನೂರು ಗ್ರಾಂ ಮಾಂಸದಲ್ಲಿ ಸುಮಾರು 16 ಗ್ರಾಂ ಪ್ರೋಟೀನ್ ಇರುತ್ತದೆ, ಕೊಬ್ಬು ತೀರಾ ಕಡಿಮೆ. ಅದನ್ನು ಬಡವರ ಊಟ ಎಂದು ಮೂಗು ಮುರಿಯುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ.

ತೋಟದ್ದು ಬೇರೆ. ಅದು ಆಫ್ರಿಕನ್ ದೈತ್ಯ ಬಸವನಹುಳು. 1847ರಲ್ಲಿ ಬೆನ್ಸನ್ ಎಂಬವರು ಮಾರಿಷಸ್‌ನಿಂದ ಕಲ್ಕತ್ತಾಕ್ಕೆ ತಂದು ಬಿಟ್ಟ ಹುಳು, ಈಗ ಕೊಡಗಿನ ಕಾಫಿ ತೋಟಕ್ಕೂ ಕಾಟ ಕೊಡುತ್ತಿದೆ. ನೈಜೀರಿಯಾ, ಘಾನಾದಲ್ಲಿ ಇದರ ಬಳಗದ ಹುಳುಗಳನ್ನು ಸಾಕಿ ತಿನ್ನುತ್ತಾರೆ, ನಿಜ. ಆದರೆ ನಮ್ಮ ತೋಟದಲ್ಲಿ ಅದನ್ನು ಕೊಲ್ಲಲು ಮೆಟಾಲ್ಡಿಹೈಡ್ ಗುಳಿಗೆ ಹಾಕಿರುತ್ತಾರೆ, ಅಡಿಕೆಗೆ ಮೈಲುತುತ್ತದ ಬೋರ್ಡೋ ದ್ರಾವಣ ಹೊಡೆದಿರುತ್ತಾರೆ. ಯಾವ ಹುಳು ಏನು ತಿಂದಿದೆ ಎಂದು ಯಾರಿಗೆ ಗೊತ್ತು? ಹಾಗಾಗಿ ನನ್ನ ಉತ್ತರ: ಅದು ಬೇಡ.

ಇನ್ನೊಂದು ಅಪಾಯ ತೋಟದ ಹುಳುವಿಗೂ ಇದೆ, ನೀರಿನ ಹುಳುವಿಗೂ ಇದೆ. ಇಲಿಯ ಶ್ವಾಸಕೋಶದ ರಕ್ತನಾಳದಲ್ಲಿ ಬದುಕುವ ಒಂದು ಜಂತು ಇದೆ. ಅದರ ಮರಿಗಳು ಇಲಿಯ ಹಿಕ್ಕೆಯಲ್ಲಿ ಹೊರಬರುತ್ತವೆ, ಬಸವನಹುಳುವಿನ ಮೈ ಸೇರಿ ಅಲ್ಲಿ ಬೆಳೆಯುತ್ತವೆ. ಆ ಹುಳು ಹಸಿಯಾಗಿಯೋ ಅರೆಬೆಂದದ್ದಾಗಿಯೋ ನಮ್ಮ ಹೊಟ್ಟೆಗೆ ಹೋದರೆ ಮರಿಗಳು ಮೆದುಳಿನ ಕಡೆ ಹೊರಡುತ್ತವೆ. 2006ರಲ್ಲಿ ಬೀಜಿಂಗ್‌ನ ಹೋಟೆಲೊಂದರಲ್ಲಿ ಸರಿಯಾಗಿ ಬೇಯದ ಬಸವನಹುಳು ತಿಂದು ನೂರಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು.

ರಾತ್ರಿಯಿಡೀ ನೀರಲ್ಲಿ ನೆನೆಸಿಟ್ಟರೆ ಸಾಕು ಅಂತ ಹಲವರು ನಂಬಿದ್ದಾರೆ. ನೆನೆಸಿದರೆ ಕೆಸರು ಹೋಗುತ್ತದೆ. ಮರಿಗಳು ಇರುವುದು ಮಾಂಸದೊಳಗೆ, ಅವು ಹೋಗುವುದಿಲ್ಲ. ಹುಳಿ, ಖಾರ, ಲಿಂಬೆರಸ, ಜೊತೆಗೆ ಕುಡಿಯುವ ಮದ್ಯ ಯಾವುದನ್ನೂ ನೆಚ್ಚಬೇಡಿ. ಕೊಲ್ಲುವುದು ಬಿಸಿ. ನೀರು ಕೊತಕೊತ ಕುದಿಯಲು ಶುರುವಾದ ಮೇಲೆ ಕನಿಷ್ಠ ಐದು ನಿಮಿಷ ಎನ್ನುತ್ತಾರೆ, ನಾನು ಹತ್ತು ಹೇಳುತ್ತೇನೆ. ಆಮೇಲೆ ಮಸಾಲೆಯಲ್ಲಿ ಹೇಗೂ ಇನ್ನೊಮ್ಮೆ ಕುದಿಯುತ್ತದಲ್ಲ. ರಬ್ಬರಿನಂತಾಗುತ್ತದೆ ಎಂಬ ಹೆದರಿಕೆಗೆ ಬೇಗ ಇಳಿಸಬೇಡಿ. ಫ್ರಾನ್ಸಿನಲ್ಲಿ ಎಸ್ಕಾರ್ಗೋ, ಅಂದರೆ ಅಲ್ಲಿನವರು ತಿನ್ನುವ ಬಸವನಹುಳು, ಮೆದುವಾಗುವುದೇ ಸಣ್ಣ ಉರಿಯಲ್ಲಿ ತುಂಬ ಹೊತ್ತು ಬೆಂದು. ಬೆಳ್ಳುಳ್ಳಿ ಬೆಣ್ಣೆ ತುಂಬಿ ಓವನ್‌ಗೆ ಇಡುವುದು ಅದಾದ ಮೇಲೆ.

ನನಗೆ ಜಾಸ್ತಿ ಚಿಂತೆ ಇರುವುದು ಒಲೆಗೆ ಏರಿಸುವ ಮುಂಚಿನ ಕೆಲಸದ ಬಗ್ಗೆ. ಚೀಪಲು ಸುಲಭವಾಗಲಿ ಎಂದು ನರ್ತೆಯ ಚೂಪು ತುದಿಯನ್ನು ಕತ್ತರಿಸುತ್ತಾರೆ. ಹಸಿಯಾಗಿರುವಾಗಲೇ ಮೆಟ್ಟುಕತ್ತಿಯಲ್ಲಿ ಕತ್ತರಿಸಿ, ಅದೇ ಕತ್ತಿಯಲ್ಲಿ ಸೌತೆಕಾಯಿ ಹೆಚ್ಚಿದರೆ? ನರ್ತೆ ಬೇಯುತ್ತದೆ, ಸೌತೆಕಾಯಿ ಹಸಿಯಾಗಿಯೇ ತಟ್ಟೆಗೆ ಬರುತ್ತದೆ. ಅದಕ್ಕೇ ಮೊದಲು ಕುದಿಸಿ, ನಂತರ ತುದಿ ಕತ್ತರಿಸಿ. ಹಸಿ ನರ್ತೆ ಮುಟ್ಟಿದ ಕೈ, ಪಾತ್ರೆಗಳನ್ನು ಸೋಪು ಹಾಕಿ ತೊಳೆಯಿರಿ. ಮಕ್ಕಳು ಲೋಳೆ ಮುಟ್ಟಿದ ಕೈಯನ್ನು ಬಾಯಿಗೆ ಹಾಕದಂತೆ ನೋಡಿಕೊಳ್ಳಿ.

ಇನ್ನು ಧೂಳಿನ ಅಲರ್ಜಿ, ಉಬ್ಬಸ ಇರುವವರು. ಮನೆಯ ಧೂಳಿನಲ್ಲಿರುವ ಕಣ್ಣಿಗೆ ಕಾಣದ ನುಸಿಗೂ ಬಸವನಹುಳುವಿಗೂ ಕೆಲವು ಪ್ರೋಟೀನ್‌ಗಳು ಹೋಲುತ್ತವೆ. ಇಂಥವರಿಗೆ ಚೆನ್ನಾಗಿ ಬೆಂದದ್ದು ತಿಂದರೂ ಉಸಿರು ಕಟ್ಟುವಷ್ಟು ಉಬ್ಬಸ ಬರಬಹುದು. ಅವರು ತಿನ್ನದಿರುವುದೇ ಒಳ್ಳೆಯದು.

ತಿಂದ ಕೆಲವು ದಿನಗಳಿಂದ ಮೂರ್ನಾಲ್ಕು ವಾರದೊಳಗೆ ಬಿಡದ ತಲೆನೋವು, ಕುತ್ತಿಗೆ ಬಿಗಿತ, ವಾಂತಿ, ಚರ್ಮದಲ್ಲಿ ಜುಮುಜುಮು ಅಥವಾ ಮುಟ್ಟಿದರೆ ನೋವು ಬಂದರೆ ಸುಮ್ನೆ ಮಾತ್ರೆ ನುಂಗಿ ಮಲಗಬೇಡಿ. ಆಸ್ಪತ್ರೆಗೆ ಹೋಗಿ, ನರ್ತೆ ತಿಂದದ್ದನ್ನು ಮುಚ್ಚುಮರೆ ಇಲ್ಲದೆ ಹೇಳಿ. ಬೆನ್ನುಹುರಿಯ ನೀರು ತೆಗೆದು ಪರೀಕ್ಷೆಗೆ ಕಳಿಸುವಾಗ ಇಯೋಸಿನೊಫಿಲ್ ಎಂಬ ಬಗೆಯ ಬಿಳಿ ರಕ್ತಕಣಗಳನ್ನು ಎಣಿಸಿ ಎಂದು ಲ್ಯಾಬಿಗೆ ಬರೆಯಲು ನಮಗೆ ಆ ಒಂದು ಮಾತು ಬೇಕು.